ಬಿಟ್ಟುಬಂದ ಮೀನು

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಒಂದು ಸಲವೂ ಅವನಿಗಾಗಿ ದೇವರಲ್ಲಿ ಬೇಡಿಕೊಂಡಿರಲಿಲ್ಲ. ಸಂಜೆಯ ಪ್ರಾರ್ಥನೆಯನ್ನೇನೂ ಅವರು ಬಿಟ್ಟವರಲ್ಲ. ತಮ್ಮ ಮಂಡಿನೋವಿಗೆ ಬೇಡಿದರು, ಎದುರುಮನೆಯ ಬಾಣಂತಿಗೆ ಬೇಡಿದರು, ಬೀದಿಯ ಕುಂಟುನಾಯಿಗೂ ಒಂದು ಮಾತು ಸೇರಿಸಿದರು. ಗಂಡನ ಸರದಿ ಬಂದಾಗ ಮಾತ್ರ ತುಟಿ ಬಿಗಿದುಕೊಳ್ಳುತ್ತಿತ್ತು.

ಮೈದುನ ಇದನ್ನು ದಿನವೂ ನೋಡುತ್ತಿದ್ದ. ವಾಚು ರಿಪೇರಿಯ ಅಂಗಡಿ ಮುಚ್ಚಿ ನೇರವಾಗಿ ಅತ್ತಿಗೆಯ ಮನೆಗೆ ಬಂದು, ಒಳಕೋಣೆಯಲ್ಲಿ ಅವರ ಪಕ್ಕ ಕುಳಿತು, ಅವರು ಬೇಡಿಕೊಂಡದ್ದಕ್ಕೆಲ್ಲ ಕೊನೆಯಲ್ಲಿ ‘ಹಾಗೇ ಆಗಲಿ ತಂದೆ’ ಎನ್ನುವುದು ಅವನ ಪಾಲಿನ ಕೆಲಸ. ಸತ್ತವರಿಗೆ ಮನೆಯವರ ಮಾತೇ ದಾರಿಬುತ್ತಿ, ಅದರಲ್ಲೂ ಹೆಂಡತಿಯ ಮಾತನ್ನು ದೇವರು ಮೊದಲು ಕೇಳುತ್ತಾನೆ ಎಂದು ನಂಬಿದವನು ಅವನು. ಅಣ್ಣ ಎಲ್ಲೋ ಬಾಗಿಲಾಚೆ ಬರಿಗೈಯಲ್ಲಿ ನಿಂತಿದ್ದಾನೆ ಎಂದು ನೆನೆದು ಅವನು ಊಟದ ತಟ್ಟೆ ಸರಿಸಿಬಿಡುತ್ತಿದ್ದ. ಕೊನೆಗೊಂದು ಸಂಜೆ ಕೇಳಿಯೇಬಿಟ್ಟ.

“ಅತ್ತಿಗೆ, ಹೋದವನ ಮೇಲೆ ಇನ್ನೂ ಎಂಥ ಕೋಪ?”

“ಕೋಪ ಯಾಕೋ ಹುಡುಗ?” ಅವನ ತಲೆ ಪೂರ್ತಿ ನೆರೆತಿದ್ದರೂ ಅತ್ತಿಗೆಗೆ ಅವನಿನ್ನೂ ಹುಡುಗನೇ. “ಅರ್ಥ ಆಗ್ತಿಲ್ಲ, ಅಷ್ಟೇ. ಮದುವೆ ಆದಾಗಿಂದ ನಿಮ್ಮಣ್ಣ ವಾರಕ್ಕೆರಡು ದಿನ ಮೀನು ಹಿಡಿಯೋಕೆ ಹೋದ್ರು. ಈ ಅಡುಗೆಮನೆಗೆ ಒಂದು ಮೀನಿನ ಬಾಲ ಬಂದಿದ್ದು ಯಾವತ್ತು, ಹೇಳು ನೋಡೋಣ?”

“ಹಿಡಿದು ಬಿಟ್ಟುಬಿಡ್ತಿದ್ವಿ ಅತ್ತಿಗೆ. ಬಾಸ್ ಮೀನನ್ನ ನಾವು ಮನೆಗೆ ತರೋರಲ್ಲ. ಅದು ನಮ್ಮ ಪದ್ಧತಿ.”

“ಅಂಗಡಿಗೆ ಹೋಗಿ ಬಟ್ಟೆ ಮುಟ್ಟಿ ನೋಡಿ ಬಂದ ಹಾಗೆ?”

“ಹಾಗೇ ಅಂದ್ಕೊಳ್ಳಿ.”

“ಬಟ್ಟೆ ಮುಟ್ಟೋಕೆ ಯಾರಾದ್ರೂ ಕತ್ತಲಲ್ಲೇ ಎದ್ದು, ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗ್ತಾರೇನೋ?”

ಅತ್ತಿಗೆಯ ಮನಸ್ಸಿನಲ್ಲಿ ಇಷ್ಟು ವರ್ಷ ಕೆರೆಯೇ ಇರಲಿಲ್ಲ, ಯಾವುದೋ ಒಂದು ಮನೆ ಇತ್ತು, ಅದರಲ್ಲಿ ಯಾವಳೋ ಒಬ್ಬಳಿದ್ದಳು ಎಂಬುದು ಆಗ ಮೈದುನನಿಗೆ ಹೊಳೆಯಿತು. ಅಣ್ಣ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಅವನ ಅಂಗಡಿಗೆ ಬುಧವಾರ ರಜೆ, ಭಾನುವಾರ ಊರಿಗೇ ರಜೆ. ಭಾನುವಾರ ಅಣ್ಣತಮ್ಮಂದಿರು ಜೊತೆಯಾಗಿ ಹೋಗುತ್ತಿದ್ದರು, ಬುಧವಾರ ಅಣ್ಣ ಒಬ್ಬನೇ.

“ನಾನೇ ಸಾಕ್ಷಿ ಅಲ್ವಾ ಅತ್ತಿಗೆ? ಭಾನುವಾರ ಜೊತೆಗಿರ್ತಿದ್ದೆ.”

“ನೀನಾ! ನಿಮ್ಮಣ್ಣ ಹಗಲನ್ನ ರಾತ್ರಿ ಅಂದ್ರೆ ಚಾಪೆ ಹಾಸೋನು ನೀನು.” ಅತ್ತಿಗೆ ನಕ್ಕರು. ನಗು ಬೇಗ ಆರಿಹೋಯಿತು. “ನನಗೊಂದು ಮೀನು ತೋರಿಸೋ. ಕಣ್ಣಾರೆ ನೋಡಿದ್ರೆ ಅವತ್ತೇ ಅವರಿಗೋಸ್ಕರ ಬೇಡ್ಕೋತೀನಿ. ಕಾಣದೆ ಇದ್ರೆ ಇನ್ಯಾವತ್ತೂ ನನ್ನನ್ನ ಕೇಳಬೇಡ.”

ಮುಂದಿನ ಭಾನುವಾರ ಇಬ್ಬರೂ ಕೆರೆಯ ದಡದಲ್ಲಿದ್ದರು. ಕಾವಲುಗಾರ ಷೆಡ್ಡಿನ ಬೀಗ ತೆಗೆದು, ಸರಪಳಿ ಬಿಚ್ಚಿ, ಅಣ್ಣತಮ್ಮಂದಿರ ಹಸಿರು ಕಯಾಕನ್ನು ನೀರಿನವರೆಗೆ ಎಳೆದುಕೊಟ್ಟ. ಇಬ್ಬರೇ ಕೂರಬಹುದಾದ, ಅವರೆಕಾಯಿಯಂಥ ದೋಣಿ ಅದು.

“ಕೂತ್ಕೊಳ್ಳಿ ಅಮ್ಮ, ಹೆದರಬೇಡಿ. ಎದ್ದು ನಿಂತ್ರೆ ಮಾತ್ರ ಮಗುಚುತ್ತೆ.”

“ಎದ್ದು ನಿಲ್ಲೋ ಮಂಡಿ ಇದ್ದಿದ್ರೆ ನಾನ್ಯಾಕಪ್ಪ ಕೂತು ಪ್ರಾರ್ಥನೆ ಮಾಡ್ತಿದ್ದೆ?” ಎನ್ನುತ್ತ ಅತ್ತಿಗೆ ಕಾವಲುಗಾರನ ಹೆಗಲು ಹಿಡಿದು ಮುಂದಿನ ಸೀಟಿಗೆ ಇಳಿದರು. ಅಣ್ಣ ಕೂರುತ್ತಿದ್ದ ಸೀಟು. ಮೈದುನ ಹಿಂದೆ ಕುಳಿತು ಹುಟ್ಟು ಹಾಕಿದ.

ಕೆರೆಯ ಪಶ್ಚಿಮದ ಮೂಲೆಯಲ್ಲಿ ನೀರೊಳಗಿನ ಕಳೆ ಹಾಸಿಗೆಯ ಹಾಗೆ ದಟ್ಟವಾಗಿ ಬೆಳೆದಿತ್ತು. ಬಾಸ್ ಮೀನು ಅದರ ನೆರಳಲ್ಲಿ ಅಡಗಿ, ಅಂಚಿನಲ್ಲಿ ಏನಾದರೂ ಮಿಸುಕಿದರೆ ಮೇಲೆ ನುಗ್ಗುತ್ತದೆ. ಅವನು ಅಂಚಿನಿಂದ ಸ್ವಲ್ಪ ದೂರದಲ್ಲೇ ದೋಣಿ ನಿಲ್ಲಿಸಿ, ಜೊಂಡಿನ ಒಂದು ಹಿಡಿಯನ್ನು ಹಗ್ಗದಿಂದ ಬಿಗಿದು ಅದನ್ನೇ ಲಂಗರು ಮಾಡಿಕೊಂಡ. ಅಣ್ಣನ ಡಬ್ಬಿಯಿಂದ ಒಂದು ಹುಳು ತೆಗೆದು ದಾರಕ್ಕೆ ಕಟ್ಟಿದ. ಹುಳುವೆಂದರೆ ನಿಜವಾದ ಹುಳುವಲ್ಲ. ಬಾಟಲಿಯ ಬಿರಡೆಯ ಚೂರು, ಕೋಳಿಯ ಗರಿ, ಪುಸ್ತಕ ಹೊಲಿಯುವ ಮೇಣದ ದಾರ, ಇಷ್ಟರಲ್ಲಿ ಅಣ್ಣ ಕಟ್ಟಿದ ಕಪ್ಪೆಮರಿ. ಕಳೆಗೆ ಸಿಕ್ಕಿಕೊಳ್ಳದಂತೆ ಗಾಳದ ಮೊನೆಯ ಮುಂದೆ ಒಂದು ನೈಲಾನ್ ಎಳೆಯನ್ನು ಕಾವಲಿಟ್ಟಿದ್ದ.

“ಇದನ್ನೆಲ್ಲ ಅಡುಗೆಮನೆ ಮೇಜಿನ ಮೇಲೇ ಕಟ್ಟೋರು. ಗರಿ ಗುಡಿಸಿ ಗುಡಿಸಿ ನನಗೆ ಸಾಕಾಗಿತ್ತು,” ಎಂದರು ಅತ್ತಿಗೆ. “ಹುಳಾನೂ ನೋಡಿದೀನಿ, ಕಸಾನೂ ನೋಡಿದೀನಿ. ಮೀನೊಂದು ಬಾಕಿ.”

ಅವನು ಗಾಳದ ಕೋಲನ್ನು ಅಡ್ಡಲಾಗಿ ಬೀಸಿದ. ದಾರ ಹಿಂದಕ್ಕೆ ಚಾಚಿ, ಮುಂದಕ್ಕೆ ಬಿಚ್ಚಿಕೊಂಡು, ಹುಳು ಕಳೆಯ ಅಂಚಿನಲ್ಲಿ ಮೆತ್ತಗೆ ಕುಳಿತಿತು. ದಾರವನ್ನು ಗೇಣು ಗೇಣಾಗಿ ಎಳೆದು ಮಡಿಲಲ್ಲಿ ಸುರುಳಿ ಹಾಕಿಕೊಂಡ. ಹುಳು ಗುಳುಂ ಎಂದಿತು, ನಿಂತಿತು, ಮತ್ತೆ ಗುಳುಂ ಎಂದಿತು. ಏನೂ ಏಳಲಿಲ್ಲ.

“ನನ್ನ ಟೋಪಿಗೆ ಗಾಳ ಹಾಕೀಯ ಮತ್ತೆ. ನಾನೇ ದೊಡ್ಡ ಮೀನು ಅಂತ ತೋರಿಸಿಬಿಟ್ಟೀಯ!”

ಬಿಸಿಲು ಏರಿತು. ಅವನ ಭುಜ ಸೋತಿತು. ಒಳಗೊಳಗೇ, ತಂದೆ, ಒಂದೇ ಒಂದು ಮೀನು ಕೊಡು, ಅಂಗೈಯಗಲದ್ದಾದರೂ ಸಾಕು ಎಂದು ಬೇಡಿದ. ಅತ್ತಿಗೆಯ ಆಸೆ ಆರದಿರಲೆಂದು ಅಣ್ಣ ಹೇಳಿದ್ದ ಮಾತೊಂದನ್ನು ತೆಗೆದ.

“ಕಳೆದ ಮಳೆಗಾಲದಲ್ಲಿ ಒಂದು ಬುಧವಾರ, ಇದೇ ಮೂಲೇಲಿ, ಬಾತುಕೋಳಿ ಮರಿ ನುಂಗೋವಷ್ಟು ದೊಡ್ಡ ಬಾಯಿಯದು ಎದ್ದಿತ್ತಂತೆ ಅತ್ತಿಗೆ. ಅಣ್ಣನ ಕೈ ನಡುಗಿ ದಾರ ಕಾಲಿಗೆ ಸುತ್ಕೊಂಡು ತಪ್ಪಿಹೋಯ್ತಂತೆ. ಭಾನುವಾರ ಬಂದು ಹೇಳಿ ಹೇಳಿ ನಕ್ಕಿದ್ದೇ ನಕ್ಕಿದ್ದು.”

“ನನಗೆ ಹೇಳಲೇ ಇಲ್ಲ ನೋಡು,” ಎಂದರು ಅತ್ತಿಗೆ, ತಿರುಗದೆ.

ಆಗಲೇ ನೀರು ಒಡೆಯಿತು. ಹುಳು ಇದ್ದ ಜಾಗದಲ್ಲಿ ಒಂದು ಗುಂಡಿ, ಅದರ ಸುತ್ತ ಅಲೆ, ಕೋಲು ಬಿಲ್ಲಾಗಿ ಬಾಗಿತು. ಅತ್ತಿಗೆ “ಅಯ್ಯೋ, ಅಯ್ಯೋ ಹುಡುಗ!” ಎಂದು ಎರಡು ಕೈಯಲ್ಲೂ ದೋಣಿಯ ಅಂಚು ಹಿಡಿದರು. ಮೀನು ಕಳೆಯೊಳಗೆ ತಲೆ ತೂರಿಸಿತು, ದಾರ ಕಲ್ಲಿಗೆ ಕಟ್ಟಿದಂತೆ ನಿಂತುಬಿಟ್ಟಿತು. ಮೈದುನ ಅವಸರಪಡಲಿಲ್ಲ. ಹಗ್ಗ ಬಿಚ್ಚಿ, ದಾರದ ಜಾಡು ಹಿಡಿದು ದೋಣಿಯನ್ನು ಕಳೆಯ ಮೇಲೇ ನಡೆಸಿ, ತೋಳು ಮುಳುಗುವವರೆಗೆ ಕೈಯಿಳಿಸಿ, ಕಳೆಯ ಒಂದು ದೊಡ್ಡ ಉಂಡೆಯನ್ನೇ ಮೇಲೆತ್ತಿದ. ಬೆರಳಿಂದ ಎಳೆ ಎಳೆಯಾಗಿ ಬಿಡಿಸಿದಾಗ ನಡುವೆ ಹಸಿರುಬಂಗಾರದ ಮೈ ಕಂಡಿತು. ಕೆಳದುಟಿ ಹಿಡಿದು ಅತ್ತಿಗೆಗೆ ತೋರಿಸಿದ.

ಅತ್ತಿಗೆ ಬೆರಳು ಚಾಚಿದರು.

“ಕೈ ಒದ್ದೆ ಮಾಡ್ಕೊಳ್ಳಿ ಅತ್ತಿಗೆ. ಒಣಗೈ ತಗುಲಿದ್ರೆ ಅದರ ಮೈ ಸುಲಿಯುತ್ತೆ.”

“ಅವರೂ ಹೀಗೇ ಕೈ ಒದ್ದೆ ಮಾಡ್ಕೋತಿದ್ರಾ?”

“ಅಣ್ಣನೇ ನನಗೆ ಕಲಿಸಿದ್ದು.”

ಅತ್ತಿಗೆ ಕೈಯದ್ದಿ ಮೀನಿನ ಬೆನ್ನನ್ನು ಮಗುವಿನ ಹಣೆಯನ್ನೆಂಬಂತೆ ಸವರಿದರು. ಅವನು ಅದನ್ನು ನೀರಿಗಿಳಿಸಿ ಕೈ ಸಡಿಲಿಸಿದ. ಮೀನು ಒಂದು ಗಳಿಗೆ ಅಲ್ಲೇ ಉಸಿರಾಡಿ ಕತ್ತಲಿಗೆ ಜಾರಿತು. ಅತ್ತಿಗೆಯ ಭುಜ ಕುಲುಕುತ್ತಿತ್ತು.

“ಇದ್ದದ್ದನ್ನೇ ಹೇಳಿದ್ರಲ್ಲೋ ಪಾಪ. ಸಾಯೋವರೆಗೂ ನಾನು ಮುಖ ಕೊಟ್ಟು ಮಾತಾಡಲಿಲ್ಲ. ಕೊನೇ ದಿನ ನೀರು ಕೇಳಿದಾಗ ಲೋಟ ಪಕ್ಕದಲ್ಲಿಟ್ಟು ಎದ್ದುಬಂದೆ.”

ದಡದಲ್ಲಿ ಅತ್ತಿಗೆ ಮುಖ ತೊಳೆಯಲು ನಲ್ಲಿಯ ಕಡೆ ನಡೆದರು. ಮೈದುನನ ಎದೆ ಹಗುರಾಗಿತ್ತು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಗೆದ್ದವನ ಹುಮ್ಮಸ್ಸು, ಕಯಾಕಿಗೆ ಅಂಟಿದ ಕಳೆಯನ್ನು ಉಜ್ಜುತ್ತಿದ್ದ ಕಾವಲುಗಾರನ ಹತ್ತಿರ ನಿಂತು ಕೇಳಿದ.

“ಬುಧವಾರ ನಮ್ಮಣ್ಣ ಬರ್ತಿದ್ನಲ್ಲ, ಎಷ್ಟು ಹೊತ್ತು ಇರ್ತಿದ್ದ? ನಮ್ಮ ಅತ್ತಿಗೆ ಬಂದ ಮೇಲೆ ಅವರಿಗೂ ಸ್ವಲ್ಪ ಹೇಳಪ್ಪ.”

“ಬುಧವಾರವಾ?” ಕಾವಲುಗಾರ ತಲೆಯೆತ್ತಿದ. “ಬುಧವಾರ ಯಾರನ್ನೂ ಬಿಡಲ್ವಲ್ಲ ಸಾರ್. ಕಳೆ ಕತ್ತರಿಸೋ ಯಂತ್ರ ಓಡಾಡೋ ದಿನ ಅದು. ನೀರಿಗೆ ದೋಣಿ ಇಳಿಸೋ ಹಾಗಿಲ್ಲ.”

“ಈಗೀಗ ಇರಬಹುದು.”

“ನಮ್ಮಪ್ಪ ಕಾವಲಿದ್ದಾಗಿಂದ್ಲೂ ಹಾಗೇ. ನಿಮ್ಮಣ್ಣನ್ನ ನಾನು ನೋಡಿದ್ದೆಲ್ಲ ಭಾನುವಾರ, ನಿಮ್ಮ ಜೊತೆ.”

“ದಡದಿಂದ ಗಾಳ ಹಾಕ್ತಿದ್ನೇನೋ?”

“ಗೇಟೇ ತೆಗೆಯಲ್ಲ ಸಾರ್.” ಅವನು ಮತ್ತೆ ಉಜ್ಜತೊಡಗಿದ.

ಬೇರೆ ಕೆರೆಗೆ ಹೋಗಿರಬಹುದೇ ಎಂದರೆ, ಕಯಾಕು ಇದ್ದುದು ಇಲ್ಲೇ, ಇದೇ ಸರಪಳಿಯಲ್ಲಿ. ಹಾಗಿದ್ದರೆ ಅಷ್ಟು ದೊಡ್ಡ ಬಾಯಿ, ನಡುಗಿದ ಕೈ, ಕಾಲಿಗೆ ಸುತ್ತಿದ ದಾರ? ಹೆಂಡತಿಗೆ ಹೇಳದೆ ಇದ್ದನೆಂದರೆ ಅದೊಂದು ಮಾತು. ಭಾನುವಾರ ಭಾನುವಾರ ತಮ್ಮನ ಎದುರು ಕುಳಿತು, ಇಲ್ಲದ ಮೀನನ್ನು ಕೈಯಗಲಿಸಿ ತೋರಿಸಿ ನಗಿಸಿದ್ದನಲ್ಲ! ಬುಧವಾರಗಳಲ್ಲಿ ಅವನು ಹೋಗುತ್ತಿದ್ದದ್ದೆಲ್ಲಿಗೆ? ಕೇಳೋಣವೆಂದರೆ ಹೇಳಬೇಕಾದವನು ಮಣ್ಣಲ್ಲಿದ್ದ.

“ನಡಿಯೋ, ಯಾಕೆ ಕಂಬದ ಹಾಗೆ ನಿಂತೆ?” ಅತ್ತಿಗೆ ಮುಖ ಒರೆಸಿಕೊಳ್ಳುತ್ತ ಬಂದರು. ಅಳು ತೊಳೆದುಹೋದ ಆ ಮುಖಕ್ಕೆ ಎಷ್ಟೋ ವರ್ಷ ಕಡಿಮೆಯಾದಂತಿತ್ತು.

ಆ ಸಂಜೆ ಅತ್ತಿಗೆ ಬೇರೆ ಯಾರಿಗೂ ಬೇಡಲಿಲ್ಲ. “ತಂದೆ, ಅವರು ನನ್ನ ಹತ್ತಿರ ಸುಳ್ಳಾಡಲಿಲ್ಲ. ನಾನೇ ಪಾಪಿ, ಅನುಮಾನಪಟ್ಟೆ. ಅವರನ್ನ ನಿನ್ನ ಹತ್ತಿರ ಕೂರಿಸ್ಕೋ. ನನ್ನನ್ನ ಕ್ಷಮಿಸು ಅಂತ ಅವರಿಗೆ ಹೇಳು,” ಎಂದು ಅತ್ತು ಬೇಡಿದರು. ಮೈದುನ ಕಣ್ಣು ಮುಚ್ಚಿದ್ದ. ಇಷ್ಟು ದಿನ ಇದೊಂದು ಮಾತಿಗಾಗಿ ಕಾದಿದ್ದ. ಈಗ ಕೇಳಿದರೆ ಸುಳ್ಳುಸಾಕ್ಷಿಯನ್ನು ದೇವರ ಮುಂದೆ ತಾನೇ ಕೈಹಿಡಿದು ತಂದು ನಿಲ್ಲಿಸಿದಂತಿತ್ತು.

ಅತ್ತಿಗೆ ಮೊಣಕೈಯಿಂದ ತಿವಿದರು. “ಹೇಳೋ.”

“ಹಾಗೇ ಆಗಲಿ ತಂದೆ,” ಎಂದ. ಮಾತು ಹೊರಬಿತ್ತು. ಅದರೊಳಗೆ ಅವನಿರಲಿಲ್ಲ.

ಅತ್ತಿಗೆ ಗೋಡೆ ಹಿಡಿದು ಎದ್ದರು. “ಒಂದು ಮಾಡು ಹುಡುಗ. ಬುಧವಾರ ಅಂಗಡಿ ಮುಚ್ಚಿ ಬಾ. ಅವರು ಒಬ್ಬರೇ ಹೋಗಿ ಕೂತಿರ್ತಿದ್ದ ದಿನ, ನಾನೂ ಒಂದ್ಸಲ ಅಲ್ಲಿ ಕೂತು ಬರ್ತೀನಿ.”

“ಬುಧವಾರ ಆಗಲ್ಲ ಅತ್ತಿಗೆ.”

“ಯಾಕೆ?”

ಅತ್ತಿಗೆಗೆ ಇದುವರೆಗೆ ಒಂದು ಸುಳ್ಳೂ ಹೇಳಿ ಗೊತ್ತಿಲ್ಲದವನು ಚಪ್ಪಲಿ ಹುಡುಕುತ್ತ ಬಾಗಿದ.

“ಬುಧವಾರ ಅಂಗಡೀಲಿ ತುಂಬ ಕೆಲಸ,” ಎಂದ. “ಇನ್ಮೇಲೆ ಎಲ್ಲ ಬುಧವಾರವೂ.”