ನಿಂಬೆವ್ವನ ಗ್ಯಾಸ್ ಒಲೆ ಹೇಳಿದ್ದು

ನಾನು ಒಂದು ಗ್ಯಾಸ್ ಒಲೆ. ಎರಡು ಬರ್ನರು, ಎರಡು ತಿರುಗುಗುಂಡಿ, ಉಕ್ಕಿನ ಮೈ. ತಗಡು ಕತ್ತರಿಸುವ ಯಂತ್ರದ ಗದ್ದಲದಲ್ಲಿ ಹುಟ್ಟಿದ್ದರಿಂದ ಮೆತ್ತಗೆ ಮಾತಾಡುವುದು ನನಗೆ ಬರುವುದಿಲ್ಲ. ಕಾರ್ಖಾನೆಯಲ್ಲಿ ಕನ್ನಡಕದ ಮನುಷ್ಯನೊಬ್ಬ ನನ್ನನ್ನು ಮೊದಲ ಸಲ ಹೊತ್ತಿಸಿ, ನೀಲಿ ಉರಿ ನೋಡಿ, ‘ಪಾಸ್’ ಎಂದು ಚೀಟಿ ಅಂಟಿಸಿದ. ಆ ಚೀಟಿಯ ಜಂಬ ನನಗೆ ಬಹಳ ದಿನ ಇತ್ತು.

ನನ್ನನ್ನು ಮೊದಲು ಕೊಂಡವರು ಧಾರವಾಡದ ಒಬ್ಬ ಮಾಸ್ತರರು. ಚಹಾ ಬಿಟ್ಟರೆ ಅವರಿಗೆ ಬೇರೇನೂ ಮಾಡಲು ಬರುತ್ತಿರಲಿಲ್ಲ. ವರ್ಗವಾಗಿ ಹೋಗುವಾಗ ನನ್ನನ್ನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ರುದ್ರಪ್ಪನಿಗೆ ದಾಟಿಸಿದರು. ರುದ್ರಪ್ಪನ ಹೆಂಡತಿಯೇ ನಿಂಬೆವ್ವ.

ಆ ಮನೆಯಲ್ಲಿ ನನಗಿಂತ ಮೊದಲು ಕರೆಂಟ್ ಒಲೆ ಇತ್ತು. ಬಿಳಿ ಮಣ್ಣಿನ ಬಿಲ್ಲೆ, ಅದರೊಳಗೆ ಸುರುಳಿ ತಂತಿ. ಕಾಯಲು ಅದಕ್ಕೆ ಪುರುಸೊತ್ತು ಬೇಕು, ಆರಲೂ ಪುರುಸೊತ್ತು ಬೇಕು. ನಡುವೆ ಕರೆಂಟ್ ಹೋದರೆ ಹಂಚಿನ ಮೇಲಿನ ರೊಟ್ಟಿ ಅರೆಬೆಂದು ಬಿರುಸಾಗುತ್ತಿತ್ತು. ನಾನು ಬಂದ ದಿನ ನಿಂಬೆವ್ವ ಉರಿ ಏರಿಸಿ, ಇಳಿಸಿ, ಮತ್ತೆ ಏರಿಸಿ, “ಅಯ್ಯ, ಹೇಳಿದ ಮಾತ್ ಕೇಳತೈತ್ರೀ ಇದು!” ಎಂದು ಗಂಡನನ್ನು ಕೂಗಿ ಕರೆದಳು.

ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನನ್ನನ್ನು ಒರೆಸಿ, ನನ್ನ ಎದೆಗೆ ಮೂರು ಬೆರಳಿನ ವಿಭೂತಿ ಎಳೆದ ಮೇಲೇ ಅವಳು ಕಡ್ಡಿ ಗೀರುತ್ತಿದ್ದಳು. ಆಮೇಲೆ ಜೋಳದ ರೊಟ್ಟಿ. ಬಡಿದು, ಹಂಚಿಗೆ ಹಾಕಿ, ನೀರು ಸವರಿ, ಮಗುಚಿ, ಕೊನೆಗೆ ನನ್ನ ಉರಿಗೆ ಹಿಡಿದರೆ ಅದು ಉಬ್ಬಿ ಏಳುತ್ತಿತ್ತು. ಓಣಿಯ ಮದುವೆಗಳಿಗೆಲ್ಲ ರೊಟ್ಟಿಗೆ ಅವಳನ್ನೇ ಕರೆಯುತ್ತಿದ್ದರು. ಅವಳಿಗೆ ಬೇರೆ ಹೆಸರು ಬೇಕಿರಲಿಲ್ಲ.

ರುದ್ರಪ್ಪ ತೀರಿಕೊಂಡ. ಮಗ ಶಿವಯೋಗಿಗೆ ಮದುವೆಯಾಗಿ ಸೊಸೆ ಪೂರ್ಣಿಮಾ ಬಂದಳು. ಆ ಹೊತ್ತಿಗೆ ನಿಂಬೆವ್ವನ ಕಣ್ಣು ಮಬ್ಬಾಗತೊಡಗಿತ್ತು. ಅವಳೊಬ್ಬಳೇ ಹೋಗಿ ಡಾಕ್ಟರಿಗೆ ತೋರಿಸಿ ಬಂದಳು. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದೂ ಹೋಗುತ್ತದೆ ಎಂದರಂತೆ. ಇದನ್ನು ಅವಳು ಹೇಳಿದ್ದು ನನಗೆ ಮಾತ್ರ. “ನೀ ಯಾರ ಮುಂದ ಹೇಳಾಂಗಿಲ್ಲ. ಗೊತ್ತಾದ್ರ ನಮ್ಮ ಅಕ್ಕನಂಗ ನನ್ನೂ ಮೂಲ್ಯಾಗ ಕುಂದರಸ್ತಾರ,” ಎಂದಳು. ಅವಳಕ್ಕ ಕಣ್ಣು ಹೋದ ಮೇಲೆ ಹದಿನಾಲ್ಕು ವರ್ಷ ಮಂಚದ ಮೇಲೆ ಕೂತೇ ಸತ್ತಿದ್ದಳು.

ಗುಟ್ಟು ಕಾಯಲು ನಾನೂ ಕೈಲಾದದ್ದು ಮಾಡಿದೆ. ಗುಂಡಿ ಎಷ್ಟು ತಿರುಗಿದೆಯೆಂದು ಅವಳ ಬೆರಳಿಗೆ ತಿಳಿಯುತ್ತಿತ್ತು. ಉರಿ ಎಷ್ಟಿದೆಯೆಂದು ಸದ್ದೇ ಹೇಳುತ್ತಿತ್ತು. ಕಣ್ಣಿಲ್ಲದೆಯೂ ರೊಟ್ಟಿ ಉಬ್ಬುತ್ತಿತ್ತು.

ಒಂದು ಬೆಳಿಗ್ಗೆ ಪಕ್ಕದಲ್ಲೇ ಪೂರ್ಣಿಮಾ ಮಿಕ್ಸರ್ ಹಾಕಿದ್ದಳು. ಹಾಲು ಉಕ್ಕಿ ನನ್ನ ಉರಿ ಆರಿತು. ಆ ಗದ್ದಲದಲ್ಲಿ ನಿಂಬೆವ್ವನಿಗೆ ಉರಿ ನಿಂತದ್ದು ಕೇಳಿಸಲಿಲ್ಲ. ಗ್ಯಾಸ್ ವಾಸನೆ ಬಡಿದು ಪೂರ್ಣಿಮಾ ತಟ್ಟನೆ ಗುಂಡಿ ತಿರುಗಿಸಿದಳು.

“ಯವ್ವಾ, ನಿನಗ ಮರವು ಬಂದೈತಿ,” ಎಂದ ಶಿವಯೋಗಿ. ಸಂಜೆಗೆ ಇಂಡಕ್ಷನ್ ಒಲೆ ತಂದ. “ಇದರಾಗ ಬೆಂಕೀನ ಇಲ್ಲ.” ನಿಂಬೆವ್ವ ಚಕಾರ ಎತ್ತಲಿಲ್ಲ. ಎತ್ತಿದ್ದರೆ ಕಾರಣ ಹೇಳಬೇಕಾಗುತ್ತಿತ್ತು. ನನ್ನನ್ನು ಮೂಲೆಯ ಸ್ಟೂಲಿನ ಮೇಲಿಟ್ಟರು.

ಹೊಟ್ಟೆಕಿಚ್ಚು ಇದ್ದರೂ ಸುಳ್ಳು ಹೇಳಲಾರೆ. ನಾನು ನೀರು ಬಿಸಿ ಮಾಡುವಷ್ಟರಲ್ಲಿ ಅದು ಕುದಿಸಿ ಮುಗಿಸುತ್ತಿತ್ತು. ಹೊಗೆಯಿಲ್ಲ, ಮಸಿಯಿಲ್ಲ. ಆದರೆ ಅಲ್ಯುಮಿನಿಯಂ ಪಾತ್ರೆ ಅದಕ್ಕಾಗದು, ತಗ್ಗಿನ ಹಂಚು ಅದರ ಮೇಲೆ ಕೂರದು. ನಿಂಬೆವ್ವನಿಗಂತೂ ಅದು ಬರೀ ನುಣುಪು ಗಾಜು. ತಿರುಗಿಸಲು ಗುಂಡಿಯಿಲ್ಲ, ಕೇಳಲು ಉರಿಯಿಲ್ಲ. ಮೊದಲ ದಿನ ಒದ್ದೆ ವಿಭೂತಿಯನ್ನು ಸರಿಯಾಗಿ ಬೆರಳು ತಾಕಿಸುವ ಗುರುತುಗಳ ಮೇಲೇ ಎಳೆದುಬಿಟ್ಟಳು. ಅದು ಕುಂಯ್ ಕುಂಯ್ ಎಂದು ಕೂಗಿ ಬಂದ್ ಆಯಿತು. “ಅತ್ತಿ, ಇದಕ್ಕ ವಿಭೂತಿ ಒಗ್ಗಾಂಗಿಲ್ರಿ,” ಎಂದು ಪೂರ್ಣಿಮಾ ನಕ್ಕಳು.

ನಿಂಬೆವ್ವ ಸುಲಭಕ್ಕೆ ಸೋಲುವ ಹೆಂಗಸಲ್ಲ. ಮರೆತವಳಂತೆ, “ಇನ್ನೊಮ್ಮೆ ತೋರಸವಾ,” ಎಂದು ಸೊಸೆಯ ಬೆರಳ ಮೇಲೆ ಬೆರಳಿಟ್ಟು ಜಾಗ ತಿಳಿದುಕೊಂಡಳು. ಸೊಸೆ ಆಚೆ ಹೋದೊಡನೆ ಪ್ರತಿ ಗುರುತಿನ ಪಕ್ಕ ಸಾಸಿವೆಯಷ್ಟು ಜೋಳದ ಹಿಟ್ಟು ಅಂಟಿಸಿದಳು. ಹೊತ್ತಿಸಲು ಒಂದು ಚುಕ್ಕೆ, ಏರಿಸಲು ಎರಡು, ಇಳಿಸಲು ಮೂರು. ಹಿಟ್ಟು ಒಣಗಿ ಗಟ್ಟಿಯಾಯಿತು. ಎರಡು ವಾರ ಆ ಚುಕ್ಕೆಗಳನ್ನು ಸವರಿಯೇ ಅಡುಗೆ ಮಾಡಿದಳು. ಚಪ್ಪಟೆ ತವೆಯ ಮೇಲೆ ರೊಟ್ಟಿ ಉಬ್ಬುತ್ತಿರಲಿಲ್ಲ, ಆದರೂ ಅವಳ ಕೈಯದೇ ರೊಟ್ಟಿ.

ಪಂಚಮಿ ಹಬ್ಬ ಬಂತು. ಪೂರ್ಣಿಮಾ ಅಡುಗೆಮನೆಯನ್ನೆಲ್ಲ ತೊಳೆದಳು. ಗಾಜಿನ ಮೇಲೆ ಒಣಗಿದ ಹಿಟ್ಟು ಕಂಡು ಉಗುರಿನಿಂದ ಕೆರೆದು, ಫಳಫಳ ಹೊಳೆಯುವಂತೆ ಒರೆಸಿದಳು. ನನ್ನ ಮಾತು ಅವಳಿಗೆ ಕೇಳಿಸುವಂತಿದ್ದರೆ ಚೀರಿಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ನಿಂಬೆವ್ವ ಗಾಜಿನ ಮೇಲೆ ಬೆರಳಾಡಿಸಿದಳು. ಅತ್ತ ಸವರಿದಳು, ಇತ್ತ ಸವರಿದಳು. ಏನೂ ಸಿಗಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪೂರ್ಣಿಮಾ, “ಅತ್ತಿ, ಅಲ್ಲೇ ಐತೆಲ್ರಿ, ಕಾಣವಲ್ದೇನು?” ಎಂದಳು. ಹೇಳಿದ ಮೇಲೆ ಅವಳಿಗೇ ಅರ್ಥವಾಯಿತು. ಕೈಲಿದ್ದ ತಾಟು ಕೆಳಗಿಟ್ಟಳು.

ಅವಳು ಕೂಗಿ ಹೇಳಿದ್ದು ಕೇಳಿ ಶಿವಯೋಗಿ ಬಂದ. “ನಾನ ತಿಕ್ಕಿ ತಗದೇನ್ರಿ. ಮತ್ತ ಹಚ್ಚಿಕೊಡ್ತೀನಿ,” ಎಂದು ಪೂರ್ಣಿಮಾ ಅತ್ತಳು.

“ಬ್ಯಾಡ. ಕೈ ಸುಟಗೊಂಡ್ರ ಏನ್ ಮಾಡೋದು?”

“ಒಂದ ರೊಟ್ಟಿ ಮಾಡಿ ತೋರಸ್ತೀನೋ ಶಿವ್ಯಾ. ತಿಂದು ನೋಡಿ ಆಮ್ಯಾಲ ಹೇಳು,” ಎಂದಳು ನಿಂಬೆವ್ವ. ಅವಳು ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮಗನ ಕಣ್ಣೂ ತುಂಬಿತ್ತು. ಆದರೂ ಅವಳ ಕೈಗೆ ಮೆತ್ತಿದ್ದ ಹಿಟ್ಟನ್ನು ತಾನೇ ತೊಳೆದು, ಹೊರಗಿನ ಕೋಣೆಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದ. ಸಿಟ್ಟಿನಿಂದ ಕೂರಿಸಿದ್ದರೆ ಅವಳು ಜಗಳವಾಡಿಯಾದರೂ ಎದ್ದು ಬರುತ್ತಿದ್ದಳು. ಪ್ರೀತಿಯ ಮುಂದೆ ಅವಳಿಗೆ ಏನೂ ನಡೆಯಲಿಲ್ಲ.

ಕೆಲವು ದಿನಗಳಾದ ಮೇಲೆ ಗುಜರಿಯವನು ಬಂದ. ನನ್ನನ್ನು ಅವಳ ಮುಂದೆಯೇ ಹೊತ್ತೊಯ್ದರು. ನನ್ನ ಅಲುಗುವ ಗುಂಡಿಯ ಸದ್ದು ಗುರುತಿಸಿ ಅವಳು ಎದ್ದು ನಿಂತಳು. “ಕುಂದ್ರವ್ವಾ, ಬೀಳ್ತಿ,” ಎಂದ ಮಗ. ಅವಳು ಕೂತಳು.

ಈಗ ಗುಜರಿ ಅಂಗಡಿಯ ಹಿತ್ತಲಲ್ಲಿದ್ದೇನೆ. ಬರ್ನರಿನ ಹಿತ್ತಾಳೆಯನ್ನು ಕಳಚಿಕೊಂಡಿದ್ದಾರೆ. ಉಳಿದ ಮೈಯನ್ನು ಕರಗಿಸಿ ಬೇರೆ ಏನನ್ನೋ ಮಾಡುತ್ತಾರಂತೆ. ನನಗೆ ಇನ್ನೊಂದು ಕೆಲಸ ಸಿಗುತ್ತದೆ. ನಿಂಬೆವ್ವನಿಗೆ ಈಗ ಅರವತ್ತೊಂದು ವರ್ಷ. ಅವಳ ಕೈಗಳಿಗೆ ಏನೂ ಆಗಿಲ್ಲ.