ಹನ್ನೆರಡು ರೆಕಾರ್ಡಿಗೆ ಒಂದೇ ಕಪ್ಪೆ

ಶಿವಮೂರ್ತಪ್ಪ ಮೇಷ್ಟ್ರು ಹನ್ನೆರಡು ಪ್ರಾಕ್ಟಿಕಲ್ ರೆಕಾರ್ಡುಗಳನ್ನು ಲ್ಯಾಬಿನ ಉದ್ದನೆಯ ಮೇಜಿನ ಮೇಲೆ ಒಂದರ ಪಕ್ಕ ಒಂದು ಬಿಚ್ಚಿಟ್ಟರು. ಹನ್ನೆರಡರಲ್ಲೂ ಒಂದೇ ಕಪ್ಪೆ. ಹೊಟ್ಟೆ ಸೀಳಿ ಅಂಗಾತ ಮಲಗಿಸಿದ ಹೆಣ್ಣು ಕಪ್ಪೆ. ಎಡಗಡೆಯ ಅಂಡಾಶಯ ಮೊಟ್ಟೆ ತುಂಬಿ ಉಬ್ಬಿತ್ತು, ಬಲಗಡೆಯದು ಒಣಗಿದ ಹುಣಸೆಹಣ್ಣಿನಂತೆ ಮುದುಡಿತ್ತು.

"ದೇವರು ಲಕ್ಷಗಟ್ಟಲೆ ಕಪ್ಪೆ ಹುಟ್ಟಿಸ್ತಾನೆ," ಅಂದರು ಮೇಷ್ಟ್ರು. "ಅದರಾಗೆ ಹನ್ನೆರಡಕ್ಕೆ ಒಂದೇ ನಮೂನಿ ಊನ. ಆ ಹನ್ನೆರಡೂ ಹುಡುಕ್ಕೊಂಡು ನಮ್ಮ ಕಾಲೇಜಿಗೇ ಬಂದಾವೆ. ಏನು ಪುಣ್ಯ ನೋಡ್ರಿ."



ರಶೀದಾ ಹಿಂದಿನ ಬೆಂಚಿನ ತುದಿಯಲ್ಲಿ ನಿಂತಿದ್ದಳು. ಅವಳಿಗೆ ಇಪ್ಪತ್ತೈದು; ಸುತ್ತ ನಿಂತವರಿಗೆ ಹದಿನೇಳು, ಹದಿನೆಂಟು. ಹರಿಹರದಲ್ಲಿ ಗಾದಿ ಹೊಲಿಯುವ ಹಯಾತ್ ಸಾಬರ ಮಗಳು. ಇತಿಹಾಸ, ಕನ್ನಡ ಓದಿ ಬಿ.ಎ. ಮುಗಿಸಿ ನಾಲ್ಕು ವರ್ಷವಾಗಿತ್ತು. ಅಂಥವಳು ಮೆಟ್ಟಿಲಿಳಿದು ಬಂದು ಮತ್ತೆ ಪಿ.ಯು.ಸಿ. ಸೈನ್ಸಿನಲ್ಲಿ ಕೂತಿದ್ದಳು, ಯಾಕೆಂದರೆ ಆಗೆಲ್ಲ ಮೆಡಿಕಲ್ ಸೀಟು ಸಿಗುತ್ತಿದ್ದುದು ಆ ಅಂಕಗಳ ಮೇಲೆ. ಸೇರುವಾಗ ಕಾಲೇಜಿನ ಆಫೀಸಿನವರು ಎರಡು ದಿನ ರೂಲ್ಸ್ ಪುಸ್ತಕ ತಿರುವಿದರು. ಬಿ.ಎ. ಆದವರನ್ನು ಸೇರಿಸಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಬೇಜಾರು ಮಾಡಿಕೊಂಡೇ ಹೆಸರು ಬರೆದುಕೊಂಡರು.

ಯಾಕೆ ಬಂದಳು ಅಂದರೆ, ಬಿ.ಎ. ಆದಮೇಲೆ ಅವಳು ಹರಿಹರದ ಒಂದು ಹೆರಿಗೆ ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸಕ್ಕಿದ್ದಳು. ಹೆಸರು, ಊರು, ಎಷ್ಟು ತಿಂಗಳು, ಇಷ್ಟೇ. ಆದರೆ ಹೆಂಗಸರು ಡಾಕ್ಟರ ಮುಂದೆ ಆಡದ ಮಾತನ್ನು ಚೀಟಿ ಬರೆಯುವವಳ ಕಿವಿಯಲ್ಲಿ ಆಡುತ್ತಿದ್ದರು. ಒಂದು ದಿನ ಹಂಪವ್ವ ಅನ್ನುವ ಬಸುರಿ ಬಂದು, "ಮುಖ ಊದೈತೆ ಕಣವ್ವಾ, ಕಣ್ಣ ಮುಂದೆ ಮಿಣುಕುಹುಳ ಹಾರಿದಂಗೆ ಆಗ್ತೈತೆ" ಅಂದಳು. ರಶೀದಾ ಒಳಗೆ ಹೋಗಿ ಹೇಳಿದಳು. "ನೀನು ಓದಿದ್ದು ರಾಜರ ಕಥೆ. ಹೋಗಿ ಚೀಟಿ ಬರಿ" ಅಂದ ಡಾಕ್ಟರು ಶಕ್ತಿ ಮಾತ್ರೆ ಬರೆದು ಹಂಪವ್ವನನ್ನು ಊರಿಗೆ ಕಳಿಸಿದರು. ಮೂರನೇ ದಿನ ಅವಳನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ತಂದರು. ಹಲ್ಲು ಕಚ್ಚಿಕೊಂಡು ಮೈಯೆಲ್ಲ ಸೆಟೆದಿತ್ತು. ಹಂಪವ್ವ ಉಳಿದಳು, ಕೂಸು ಉಳಿಯಲಿಲ್ಲ. ರಶೀದಾಗೆ ಅವತ್ತು ಅಳು ಬರಲಿಲ್ಲ, ಸಿಟ್ಟು ಬಂತು. ಎರಡು ವರ್ಷದಿಂದ ಆ ಸಿಟ್ಟನ್ನೇ ಬುತ್ತಿ ಕಟ್ಟಿಕೊಂಡು ದಿನಾ ಬೆಳಿಗ್ಗೆ ದಾವಣಗೆರೆ ಬಸ್ಸು ಹತ್ತುತ್ತಿದ್ದಳು.

ಮೊದಮೊದಲು ಹುಡುಗಿಯರು ಅವಳನ್ನು ಕಂಡು ಮುಸಿಮುಸಿ ನಕ್ಕರು. ಮೂರು ತಿಂಗಳಿಗೆ ಎಲ್ಲರ ಬಾಯಲ್ಲೂ ಅಕ್ಕ ಆದಳು. ಗಾದಿ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಹೂಬಳ್ಳಿ ಬರೆದು ಪಳಗಿದ ಕೈ ಅವಳದು. ಗೆರೆ ಎಳೆದರೆ ಎಳೆದ ಕಡೆ ನಿಲ್ಲುತ್ತಿತ್ತು. ಅದನ್ನು ಮೊದಲು ಕಂಡುಹಿಡಿದವಳು ಅಂಜಿನವ್ವ. ಮಲೆಬೆನ್ನೂರು ಕಡೆಯ ರೈತರ ಮಗಳು, ದಾವಣಗೆರೆಯ ಸರಸ್ವತಿ ನಗರದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಭತ್ತದ ಗದ್ದೆಯ ಕಪ್ಪೆಗಳನ್ನು ಒದ್ದೆ ಚೀಲದಲ್ಲಿ ಕಟ್ಟಿ ಇಡೀ ಕ್ಲಾಸಿಗೆ ತಂದುಕೊಡುತ್ತಿದ್ದವಳು ಅವಳೇ.

"ಹಿಡಿಯಾದು ನನಗೆ ಬಿಡ್ರಿ ಅಕ್ಕಾ," ಅನ್ನುತ್ತಿದ್ದಳು. "ಕೊಯ್ದಿದ್ದು ನೋಡಿದ್ರೆ ಮಾತ್ರ ಉಂಡಿದ್ದು ಮ್ಯಾಲೆ ಬರ್ತೈತೆ. ಒಂದು ಚಿತ್ರ ಬರ್ಕೊಡ್ರಿ."

ಮನೆಯಲ್ಲಿ ದೊಡ್ಡವರಾದವರು ಸಣ್ಣವರ ಕೆಲಸವನ್ನೂ ಮಾಡಿಬಿಡಬೇಕು. ರಶೀದಾ ಹಾಗೇ ಬೆಳೆದವಳು. ತಂಗಿ ಶಮೀಮಳ ಸ್ಕೂಲಿನ ಕಸೂತಿ ಹಾಕಿಕೊಟ್ಟ ಹಾಗೆಯೇ ಅಂಜಿನವ್ವನ ರೆಕಾರ್ಡನ್ನೂ ಬರೆದುಕೊಟ್ಟಳು. ಅಂಜಿನವ್ವನ ಹಿಂದೆ ಇನ್ನೂ ಹತ್ತು ಮಂದಿ ಬಂದರು. ಇಲ್ಲ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಪುಸ್ತಕದ ಕಪ್ಪೆಯನ್ನೇ ಬರೆದಿದ್ದರೆ ಹನ್ನೆರಡೇನು, ನಲವತ್ತು ರೆಕಾರ್ಡು ಒಂದೇ ಥರ ಇದ್ದರೂ ಯಾರೂ ಕೇಳುತ್ತಿರಲಿಲ್ಲ. ಅವಳು ಬರೆದದ್ದು ತಾನು ಕೊಯ್ದ ಕಪ್ಪೆಯನ್ನು, ತನ್ನ ಕಣ್ಣು ಕಂಡ ಹಾಗೆ. ಅದೇ ತಪ್ಪಾಯಿತು.

"ಯಾರು ಯಾರದ್ದು ನೋಡಿ ಬರೆದಿದ್ದು?" ಮೇಷ್ಟ್ರು ಕೇಳಿದರು.

ಹನ್ನೊಂದು ತಲೆಗಳು ಬಗ್ಗಿದವು. ಅವುಗಳಲ್ಲಿ ಹತ್ತು ತಲೆ ಪ್ರತಿ ಸಂಜೆ ನಿಜಲಿಂಗಪ್ಪ ಬಡಾವಣೆಯ ಮೇಷ್ಟ್ರ ಮನೆಗೆ ಟ್ಯೂಷನ್ನಿಗೆ ಹೋಗುವಂಥವು.

"ರಶೀದಾ, ಈ ಮಕ್ಕಳದ್ದು ನೋಡ್ಕೊಂಡು ನೀವೇ ಬರೆದಂಗೈತೆ."

"ಇಲ್ಲ ಸಾರ್."

"ಹಂಗಾದ್ರೆ ಅವರು ನಿಮ್ಮದು ನೋಡಿ ಬರೆದ್ರಾ? ಹೌದು ಅನ್ರಿ, ಹನ್ನೊಂದು ಮಂದಿ ಹಾಲ್ ಟಿಕೆಟ್ಟು ಈಗಲೇ ನಿಲ್ಲಿಸ್ತೀನಿ."

ರಶೀದಾ ಅಂಜಿನವ್ವನ ಕಡೆ ನೋಡಿದಳು. ಅಂಜಿನವ್ವ ತನ್ನ ಚಪ್ಪಲಿಯ ಉಂಗುಷ್ಟ ನೋಡುತ್ತಿದ್ದಳು. ಅಕ್ಕಿ ಮಿಲ್ಲಿನವರ ಮಗಳು ಕಿಟಕಿಯ ಕಡೆ ತಿರುಗಿದ್ದಳು. ಹೌದು ಅಂದರೆ ಹನ್ನೊಂದು ಮಂದಿಯ ಪರೀಕ್ಷೆ ತನ್ನ ಬಾಯಿಂದಲೇ ನಿಲ್ಲುತ್ತಿತ್ತು. ಒಬ್ಬಳಾದರೂ ಉಸಿರೆತ್ತಲಿ ಅಂತ ಕಾದಳು. 

ಮೇಷ್ಟ್ರು ಹನ್ನೊಂದು ರೆಕಾರ್ಡಿಗೂ ಸರಸರ ಸಹಿ ಹಾಕಿದರು. ಹನ್ನೆರಡನೆಯದನ್ನು ಮುಚ್ಚಿ ಅವಳ ಕಡೆ ತಳ್ಳಿದರು.

"ಈ ವಯಸ್ಸಿನಾಗೆ ಬಂದು ಸಣ್ಣ ಹುಡುಗರ ಸೀಟು ತಿನ್ನಾಕೆ ಕುಂತೀರಿ, ಅದರ ಮ್ಯಾಲೆ ನಕಲು ಬೇರೆ. ನಕಲು ಮಾಡಿದ್ದೀನಿ, ಕ್ಷಮಿಸ್ರಿ ಅಂತ ಪ್ರಿನ್ಸಿಪಾಲರ ಹೆಸರಿಗೆ ಬರ್ಕೊಡ್ರಿ, ಸಹಿ ಹಾಕ್ತೀನಿ. ಇಲ್ಲಾಂದ್ರೆ ರೆಕಾರ್ಡಿಲ್ಲ, ಹಾಲ್ ಟಿಕೆಟ್ಟಿಲ್ಲ. ಸೋಮವಾರದ ತನಕ ಟೈಮು."

ಹರಿಹರಕ್ಕೆ ಹೋಗುವ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವಳು ಕೂರಲಿಲ್ಲ. ಕೂತರೆ ಸಿಟ್ಟು ಇಳಿದುಹೋಗುತ್ತದೆ ಅನ್ನುವವಳ ಹಾಗೆ ಕಂಬಿ ಹಿಡಿದು ನಿಂತೇ ಬಂದಳು.

ಹಯಾತ್ ಸಾಬರು ಅಂಗಡಿಯಲ್ಲಿ ಬಿಲ್ಲು ಮಿಡಿದು ಹತ್ತಿ ಎಕ್ಕುತ್ತಿದ್ದರು. ಗಡ್ಡ, ಹುಬ್ಬು, ಟೊಪ್ಪಿಗೆ, ಎಲ್ಲದರ ಮೇಲೂ ಅರಳೆಯ ಎಳೆ. ಮಗಳು ಹೇಳಿದ್ದನ್ನೆಲ್ಲ ಕೇಳಿ ಬಿಲ್ಲು ಕೆಳಗಿಟ್ಟರು.

"ಬರ್ಕೊಡವಾ. ಒಂದು ಹಾಳೆ ಕಾಗದ ತಾನೇ? ಬೇಕಾದ್ರೆ ಆ ಮೇಷ್ಟ್ರಿಗೆ ಒಂದು ಒಳ್ಳೆ ಗಾದಿ ಹೊಲಿದು ಕಳಿಸ್ತೀನಿ."

"ಅದರ ಮ್ಯಾಲೆ ಅವರು ಇನ್ನೂ ಚೆನ್ನಾಗಿ ನಿದ್ದಿ ಮಾಡ್ತಾರೆ, ಅಬ್ಬಾ."

"ಸಿಟ್ಟು ಮಾಡ್ಕೊಂಡ್ರೆ ಡಾಕ್ಟರ್ ಆಗ್ತೀಯೇನು?"

"ಮಾಡ್ಕೊಳ್ಳದೇ ಇದ್ದಿದ್ರೆ ಈಗಲೂ ಚೀಟಿ ಬರೀತಾ ಇರ್ತಿದ್ದೆ."

ಹಯಾತ್ ಸಾಬರು ಮತ್ತೆ ಬಿಲ್ಲು ಎತ್ತಿಕೊಂಡರು. ಮಗಳ ಜೊತೆ ವಾದಿಸಿ ಗೆದ್ದ ನೆನಪು ಅವರಿಗಿರಲಿಲ್ಲ.

ಒಂದು ಹಾಳೆ ಕಾಗದ ಅನ್ನುವುದು ಏನು ಅಂತ ರಶೀದಾಗೆ ಗೊತ್ತಿತ್ತು. ಬಿ.ಎ. ಕೊನೆಯ ವರ್ಷ ಇತಿಹಾಸದ ಮೇಷ್ಟ್ರೊಬ್ಬರು ಯಾವುದೋ ಊರಿನ ಹಳೆಯ ಕಾಗದಗಳನ್ನು ಕ್ಲಾಸಿಗೆ ತಂದಿದ್ದರು. ಅದರಲ್ಲಿ ಮರಿಯವ್ವ ಅನ್ನುವ ವಿಧವೆ, ಊರ ಕಣಜದ ಜೋಳ ಕದ್ದೆ, ತಪ್ಪಾಯಿತು ಅಂತ ಹೆಬ್ಬೆಟ್ಟು ಒತ್ತಿದ್ದಳು. ಬರೆದವನು ಯಾರೋ, ಒತ್ತಿಸಿದವನು ಯಾರೋ. ನಿಜವಾಗಿ ಕದ್ದಳೋ ಇಲ್ಲವೋ, ಹೇಳುವವರು ಯಾರೂ ಉಳಿದಿರಲಿಲ್ಲ. ಆದರೂ ಅವತ್ತು ಇಡೀ ಕ್ಲಾಸು ಅವಳನ್ನು ಕಳ್ಳಿ ಅಂತಲೇ ಓದಿತು. ನೂರು ವರ್ಷವಾದರೂ ಆ ಹೆಬ್ಬೆಟ್ಟು ಮಾಸಿರಲಿಲ್ಲ.

ಭಾನುವಾರ ಅವಳು ಪ್ರಿನ್ಸಿಪಾಲರ ಹೆಸರಿಗೆ ತನ್ನದೇ ಮಾತಿನಲ್ಲಿ ಒಂದು ಕಾಗದವನ್ನು ಎರಡು ಪ್ರತಿ ಬರೆದಳು. ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೋದವಳು ಮೇಷ್ಟ್ರ ಹತ್ತಿರ ಹೋಗದೆ ನೇರ ಆಫೀಸಿಗೆ ಹೋದಳು. ಬಂದ ಕಾಗದಕ್ಕೆಲ್ಲ ಸೀಲು ಹಾಕಿ ಪುಸ್ತಕದಲ್ಲಿ ನಂಬರು ಹಚ್ಚುವ ಕೆಲಸ ಚಾಂದ್ ಪಾಷಾ ಅವರದು. ಕನ್ನಡಕ ಏರಿಸಿ ತುಟಿಯಲ್ಲೇ ಓದಿಕೊಂಡರು.

'ನನ್ನ ರೆಕಾರ್ಡು ಯಾರದ್ದನ್ನೂ ನೋಡಿ ಬರೆದದ್ದಲ್ಲ. ನಾನು ಕೊಯ್ದ ಕಪ್ಪೆಯನ್ನು ನೋಡಿ ಬರೆದದ್ದು. ನನ್ನ ತಪ್ಪು ಬೇರೆ ಇದೆ. ಅದೇ ಕಪ್ಪೆಯನ್ನು ಇನ್ನೂ ಹನ್ನೊಂದು ರೆಕಾರ್ಡುಗಳಲ್ಲಿ ನಾನೇ ಬರೆದುಕೊಟ್ಟಿದ್ದೇನೆ. ಅದಕ್ಕೆ ಏನು ಶಿಕ್ಷೆ ಕೊಟ್ಟರೂ ಒಪ್ಪುತ್ತೇನೆ. ಹನ್ನೆರಡನ್ನೂ ಪಕ್ಕದಲ್ಲಿಟ್ಟು ಕೈಬರಹ ನೋಡಬೇಕೆಂದು ಕೋರುತ್ತೇನೆ.'

"ಯಾರ ಹೆಸರೂ ಹಾಕಿಲ್ಲ," ಅಂದರು ಚಾಂದ್ ಪಾಷಾ.

"ಇಲ್ಲ."

"ಆದ್ರೂ ಎಲ್ಲರೂ ಸಿಗ್ತಾರೆ. ನೀನೂ ಸಿಗ್ತೀಯ. ಯೋಚನೆ ಮಾಡವಾ. ಸೀಲು ಬಿದ್ದ ಮ್ಯಾಲೆ ವಾಪಸ್ ತಗಳಾಕೆ ಬರಲ್ಲ."

"ಅದಕ್ಕೇ ಮೊದ್ಲು ನಿಮ್ಮ ಹತ್ರ ಬಂದಿದ್ದು, ಚಾಚಾ. ಎರಡಕ್ಕೂ ಹಾಕ್ರಿ."

ಎರಡು ಸಲ ಸೀಲು ಬಿತ್ತು. ಒಂದು ಪ್ರತಿ ಅವಳ ಚೀಲಕ್ಕೆ ಹೋಯಿತು. ಇನ್ನೊಂದು ಪ್ರಿನ್ಸಿಪಾಲರ ಮೇಜಿಗೆ ಹೋಗುವ ಮೊದಲು, ಪದ್ಧತಿಯಂತೆ, ಅಭಿಪ್ರಾಯಕ್ಕಾಗಿ ಶಿವಮೂರ್ತಪ್ಪ ಮೇಷ್ಟ್ರ ಕೈ ಸೇರಿತು.

ಮಧ್ಯಾಹ್ನ ಅವಳಿಗೆ ಕರೆ ಬಂತು. ಮೇಷ್ಟ್ರು ಲ್ಯಾಬಿನಲ್ಲಿ ಒಬ್ಬರೇ ಕೂತಿದ್ದರು.

"ಇದೇನ್ರಿ ಇದು? ನಾನು ಕೇಳಿದ್ದು ಕ್ಷಮಾಪಣೆ."

"ಮಾಡಿದ ತಪ್ಪಿಗೆ ಕೇಳಿದ್ದೀನಿ ಸಾರ್. ಮಾಡದೇ ಇದ್ದಿದ್ದಕ್ಕೆ ಕೇಳಲ್ಲ."

"ಹನ್ನೊಂದು ಮಕ್ಕಳ ಬಾಳು ಹಾಳು ಮಾಡ್ತೀರೇನು?"

"ಮೊನ್ನೆ ನನ್ನ ಬಾಳು ಹಾಳಾಗಬೇಕಾದ್ರೆ ಅವರೆಲ್ಲ ಇಲ್ಲೇ ನಿಂತಿದ್ರು. ಅವರಾಗೆ ಹತ್ತು ಮಂದಿ ದಿನಾ ನಿಮ್ಮ ಮನೇಲಿ ಕೂತು ಬರೀತಾರೆ. ಅವರ ಕೈ ಯಾವುದು, ನನ್ನ ಕೈ ಯಾವುದು ಅಂತ ನಿಮಗೆ ಗೊತ್ತಾಗಲಿಲ್ಲ ಅಂದ್ರೆ ನಾನು ನಂಬಬೇಕಾ ಸಾರ್?"

ಅವಳ ದನಿ ಏರಿರಲಿಲ್ಲ. ಒಳಗೆ ಮಾತ್ರ ಕುದಿಯುತ್ತಿತ್ತು. ಇನ್ನೊಂದು ಮಾತು ಅವರು ಆಡಿದ್ದರೆ ಏನು ಅಂದುಬಿಡುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಮೇಷ್ಟ್ರು ಆಡಲಿಲ್ಲ. ಆ ಕಾಗದ ಮುಂದಕ್ಕೆ ಹೋದರೆ ತಮ್ಮ ಟ್ಯೂಷನ್ನಿನ ಕಥೆಯೂ ಅದರ ಜೊತೆಗೇ ಹೋಗುತ್ತದೆ ಅನ್ನುವುದು ಅವರ ಮುಖದ ಮೇಲೆ ಕಾಣುತ್ತಿತ್ತು.

"ರೆಕಾರ್ಡು ಕೊಡ್ರಿ," ಅಂದರು.

ಸಹಿ ಹಾಕಿದರು. ಸಹಿಯ ಪಕ್ಕದಲ್ಲಿ, ತುಸು ತಡೆದು, 'ಸಿ' ಅಂತ ಗ್ರೇಡು ಬರೆದರು. ಉಳಿದ ಹನ್ನೊಂದಕ್ಕೂ 'ಎ' ಬಿದ್ದಿತ್ತು. ಕಪ್ಪೆ ಅದೇ, ಗೆರೆ ಎಳೆದ ಕೈಯೂ ಅದೇ.

"ಆತಲ್ಲ? ಈಗ ಈ ಕಾಗದ ತಗೊಂಡು ಹೋಗಿ ಹರಿದು ಹಾಕ್ರಿ."

"ಅದಕ್ಕೆ ನಂಬರು ಬಿದ್ದೈತೆ ಸಾರ್. ಅದು ಆಫೀಸಿಂದು ಈಗ. ನಿಮ್ಮ ಅಭಿಪ್ರಾಯ ಬರೆದು ಕಳಿಸ್ರಿ, ಇಲ್ಲಾ ನೀವೇ ಇಟ್ಕಳ್ರಿ."

ಅವರು ಏನು ಬರೆದರೋ, ಎಲ್ಲಿಟ್ಟರೋ, ಆ ಕಾಗದ ಪ್ರಿನ್ಸಿಪಾಲರ ಕೋಣೆ ಮುಟ್ಟಿದ ಸುದ್ದಿ ಯಾವತ್ತೂ ಬರಲಿಲ್ಲ. ಹಾಲ್ ಟಿಕೆಟ್ಟು ಮಾತ್ರ ಅವತ್ತೇ ಸಂಜೆ ಅವಳ ಕೈಗೆ ಬಂತು. ಆ ಸಿ ನುಂಗಿದ ಅಂಕಗಳನ್ನು ಇನ್ನು ಥಿಯರಿ ಪೇಪರುಗಳಲ್ಲಿ ಕಿತ್ತು ತರಬೇಕಿತ್ತು. ಗೆದ್ದೆ ಅಂತ ಅವಳಿಗೆ ಅನ್ನಿಸಲಿಲ್ಲ. ತನ್ನದನ್ನೇ ಜಗಳವಾಡಿ ಇಸಿದುಕೊಂಡು, ಅದರಲ್ಲೂ ಅರ್ಧ ಬಿಟ್ಟು ಬಂದ ಹಾಗಿತ್ತು.

ಗೇಟಿನ ಹೊರಗೆ ಅಂಜಿನವ್ವ ನಿಂತಿದ್ದಳು. ಕಾಗದದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

"ಅಕ್ಕಾ, ನಂದೂ ಕಿತ್ಕೊಳ್ತಾರೇನ್ರಿ? ನಮ್ಮಪ್ಪಗೆ ಗೊತ್ತಾದ್ರೆ ಓದು ಬಿಡಿಸಿ ಮದುವೆ ಮಾಡ್ತಾನ್ರಿ."

"ಮೊನ್ನೆ ಬಾಯಿ ಯಾಕ ಹೊಲ್ಕೊಂಡು ನಿಂತಿದ್ದೆ?"

"ಹೆದರಿಕಿ ಆತ್ರಿ."

"ನನಗೂ ಆಗಿತ್ತು."

ಅಂಜಿನವ್ವ ಅಳತೊಡಗಿದಳು. ರಶೀದಾ ಸಮಾಧಾನ ಮಾಡಲಿಲ್ಲ, ಬೆನ್ನು ನೇವರಿಸಲಿಲ್ಲ. ಅಳು ನಿಲ್ಲುವ ತನಕ ರಸ್ತೆ ನೋಡುತ್ತ ನಿಂತಳು.

"ಸಹಿ ಬಿದ್ದೈತೆ. ಯಾರೂ ಕಿತ್ಕೊಳ್ಳಲ್ಲ," ಅಂದಳು ಆಮೇಲೆ. "ಮುಂದಿನ ವಾರ ಹೊರಗಿನ ಎಗ್ಸಾಮಿನರು ಬಂದು ನಿನ್ನ ಮುಂದೆ ಟ್ರೇ ಇಡ್ತಾರೆ. ಅವಾಗ ಯಾವ ಅಕ್ಕ ಬರ್ತಾಳೆ?"

ಅಂಜಿನವ್ವ ಅಂಗೈಯಿಂದ ಕೆನ್ನೆ ಒರೆಸಿಕೊಂಡಳು.

"ನಾಳೆ ಸಂಜೆ ಹರಿಹರಕ್ಕೆ ಬಾ. ನೀನೇ ಕೊಯ್ಯಬೇಕು, ನೀನೇ ಬರೀಬೇಕು. ವಾಂತಿ ಬಂದ್ರೆ ಹಿತ್ತಿಲಾಗೆ ಮಾಡಿ ಬಂದು ಮತ್ತೆ ಕೂಡು. ನಾನು ಪೆನ್ಸಿಲ್ ಮುಟ್ಟಲ್ಲ."

"ಸಿಟ್ಟು ಹೋತೇನ್ರಿ ಅಕ್ಕಾ?"

"ಇಲ್ಲ," ಅಂದಳು ರಶೀದಾ. "ಸಿಟ್ಟು ಐತೆ. ಆದ್ರೂ ಬಾ."