ಹೊಳೆ ನೀರಿಗೆ ಸಾಕ್ಷಿ

ಸುಧಾಮಣಿ ಮೂವತ್ತು ವರ್ಷ ಇನ್ಶೂರೆನ್ಸ್ ಕಂಪನಿಯೊಂದರ ಕ್ಲೇಮು ವಿಭಾಗದಲ್ಲಿ ಕೆಲಸ ಮಾಡಿದವಳು. ಕಾಲು ಮುರಿದಿದೆ ಎಂದು ಯಾರಾದರೂ ಕುಂಟಿಕೊಂಡು ಬಂದರೆ, ವಾಪಸು ಹೋಗುವಾಗಲೂ ಅದೇ ಕಾಲು ಕುಂಟುತ್ತಿದೆಯಾ ಎಂದು ಕಿಟಕಿಯಲ್ಲಿ ಇಣುಕುತ್ತಿದ್ದಳು. ನಿವೃತ್ತಿಯಾದ ಮೇಲೆ ಕೆಲಸ ಬಿಟ್ಟಿತು, ಗುಣ ಬಿಡಲಿಲ್ಲ. ಬನಶಂಕರಿಯಲ್ಲಿ ತರಕಾರಿಯವನು ತಕ್ಕಡಿ ಎತ್ತಿದರೆ ಅವಳ ಕಣ್ಣು ಬೀನ್ಸಿನ ಮೇಲಲ್ಲ, ಅವನ ಕಿರುಬೆರಳಿನ ಮೇಲೆ. ಅನುಮಾನಂ ದೊಡ್ಡ ರೋಗಂ ಎಂದು ತಂಗಿ ರೇಗಿಸಿದರೆ, ರೋಗ ಇರೋರೇ ಔಷಧಿ ಹುಡುಕೋದು ಎನ್ನುತ್ತಿದ್ದಳು.

ಆ ಗುಣ ಒಂದು ಸಲ ನಿಜಕ್ಕೂ ಕೆಲಸಕ್ಕೆ ಬಂತು. ಕ್ಲೇಮು ಕೇಸುಗಳ ಕಾಲದಿಂದ ಪರಿಚಯವಿದ್ದ ಜಯನಗರದ ವಕೀಲ ಪ್ರಸನ್ನ ಅವಳ ಕೈಗೆ ಒಂದು ದಪ್ಪ ವರದಿ ಕೊಟ್ಟು, ಓದಿ ನೋಡಿ ಮೇಡಂ, ಏನೋ ಸರಿಯಿಲ್ಲ ಅನ್ನಿಸ್ತಿದೆ ಎಂದಿದ್ದ. ದೂರದ ಹೊಳೆಯ ದಡದಲ್ಲಿ ಹಳೆಯದೊಂದು ಅಣುವಿದ್ಯುತ್ ಸ್ಥಾವರ. ಅದರ ಒಳಗಿನ ಕೊಳವೆಗಳನ್ನು ಕಿತ್ತು ಹೊಸದು ಹಾಕುವ ರಿಪೇರಿ ನಡೆಯಬೇಕಿತ್ತು. ಕೊಳವೆ ತೊಳೆದ ನೀರನ್ನು ಶುದ್ಧ ಮಾಡಿ ಹೊಳೆಗೇ ಬಿಡುತ್ತಾರಂತೆ. ಪರಿಸರಕ್ಕೆ ಏನೂ ಆಗುವುದಿಲ್ಲ ಎಂದಿತ್ತು ವರದಿ. ಯಾಕೆಂದರೆ ಸ್ಥಾವರದಿಂದ ಕೆಳಗೆ ಹರಿಯುವ ಭಾಗದಲ್ಲಿ ಹೊಳೆ ನೀರನ್ನು ಜನ ಬಳಸುವುದೇ ಇಲ್ಲವಂತೆ.

ಸುಧಾಮಣಿ ಅಲ್ಲಿಗೇ ನಿಂತಳು. ಹಿಂದೆ ಅವಳು ಉತ್ತರಹಳ್ಳಿಯಲ್ಲಿ ಬೋರಣ್ಣನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಬೋರಣ್ಣನ ಮನೆದೇವರು ಹೊಳೆಯಮ್ಮ ಇರುವುದು ಅದೇ ದಡದಲ್ಲಿ. ವರ್ಷಕ್ಕೊಂದು ಸಲ ಅವನ ಮನೆಯವರೆಲ್ಲ ಬೀಗ ಹಾಕಿಕೊಂಡು ಅಲ್ಲಿಗೆ ಹೋಗಿ, ಹೊಳೆಯಲ್ಲಿ ಮುಳುಗಿ, ಹೊಳೆ ನೀರಲ್ಲೇ ಅಡುಗೆ ಮಾಡಿ ನೈವೇದ್ಯ ಇಟ್ಟು ಉಂಡು ಬರುತ್ತಿದ್ದರು. ಅವರ ಹಾಗೆಯೇ ಆ ದೇವಿಗೆ ನಡೆದುಕೊಳ್ಳುವ ಒಕ್ಕಲುಗಳು ಎಷ್ಟೋ ಊರಿನಲ್ಲಿದ್ದವು. ವರದಿಯವರು ಹೋಗಿ ನೋಡಿದ್ದು ಯಾವಾಗ? ಆಷಾಢದಲ್ಲಿ. ಆಷಾಢದಲ್ಲಿ ಯಾವ ಒಕ್ಕಲು ತಾನೇ ಮನೆದೇವರಿಗೆ ಹೋಗುತ್ತದೆ? ಇದು ಗೊತ್ತಿಲ್ಲದೆ ಆದದ್ದಲ್ಲ, ಗೊತ್ತಿದ್ದೇ ಆರಿಸಿದ ತಿಂಗಳು ಎಂದು ಸುಧಾಮಣಿಗೆ ಖಾತ್ರಿಯಾಯಿತು.

ಆ ವರದಿ ನಂಬಿ ರಿಪೇರಿಗೆ ಕೊಟ್ಟ ಅನುಮತಿಯ ವಿರುದ್ಧ ಪ್ರಸನ್ನ ಸುಧಾಮಣಿಯ ಹೆಸರಿನಲ್ಲಿ ಹಸಿರು ನ್ಯಾಯಪೀಠಕ್ಕೆ ಮೇಲ್ಮನವಿ ಹಾಕಿದ. ಮೊದಲ ವಿಚಾರಣೆಯಲ್ಲೇ ಪೀಠ ಕೇಳಿತು: ಬನಶಂಕರಿಯಲ್ಲಿ ಕಾವೇರಿ ನೀರು ಕುಡಿಯುವವರಿಗೆ ಆ ಹೊಳೆಯ ಉಸಾಬರಿ ಏಕೆ? ನಿಜವಾಗಿ ಆ ನೀರು ಬಳಸುವ ಒಬ್ಬರಾದರೂ ಪ್ರಮಾಣ ಮಾಡಿ ಹೇಳಲಿ. ಸುಧಾಮಣಿ ಬೋರಣ್ಣನ ಬಳಿ ಹೋದಳು. ಬೋರಣ್ಣ ಒಂದೇ ಮಾತಿಗೆ ಒಪ್ಪಿದ. ಮುಂದಿನ ವಾರ ಬಂದು ಪ್ರಮಾಣಪತ್ರಕ್ಕೆ ಸಹಿ ಹಾಕುತ್ತೇನೆ ಎಂದ.

ಮುಂದಿನ ವಾರ ಬಂತು, ಬೋರಣ್ಣ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಒಂದು ಸಲ ಹೆಂಡತಿ ಮುನಿವೆಂಕಟಮ್ಮ ಎತ್ತಿ, "ಅವ್ರು ಆಚೆ ಹೋಗವ್ರೆ ಅಕ್ಕಾ, ಎಲ್ಲಿಗೆ ಅಂತ ನಾನು ಹೇಳೋ ಹಂಗಿಲ್ಲ" ಎಂದು ಇಟ್ಟುಬಿಟ್ಟಳು. ಹೇಳುವ ಹಾಗಿಲ್ಲ ಎಂದರೇನು? ಸುಧಾಮಣಿ ರಾತ್ರಿಯಿಡೀ ಆ ಮಾತನ್ನೇ ಅಗೆದಳು.

ಶುಕ್ರವಾರ ಉತ್ತರಹಳ್ಳಿಯ ಕಡೆ ಆಟೋದಲ್ಲಿ ಹೋಗುವಾಗ ಕಂಡದ್ದು ಅವಳ ಎದೆಗೆ ಕಲ್ಲು ಹಾಕಿತು. ಬೋರಣ್ಣನ ಗೇಟಿನ ಮುಂದೆ ಬಿಳಿ ಕಾರು. ಒಳಗಿನಿಂದ ಹೊರಬಂದವಳು ದಿವ್ಯ, ವರದಿ ಬರೆದ ಸಂಸ್ಥೆಯ ಹುಡುಗಿ. ವಿಚಾರಣೆಯಲ್ಲಿ ಅವಳ ಮುಖ ನೋಡಿದ್ದಳು. ಮುನಿವೆಂಕಟಮ್ಮ ಬಾಗಿಲಲ್ಲಿ ನಿಂತು ಅವಳ ಹಣೆಗೆ ಕುಂಕುಮ ಇಟ್ಟು, ಎಲೆ ಅಡಿಕೆ ಕೊಟ್ಟು ಕಳಿಸುತ್ತಿದ್ದಳು. ಎಲೆ ಅಡಿಕೆ ಕೈ ಬದಲಾಯಿಸಿದರೆ ಮಾತು ಮುಗಿದ ಹಾಗೆ. ಆಟೋ ನಿಲ್ಲಿಸದೆ ಮುಂದೆ ಹೋದ ಸುಧಾಮಣಿಗೆ ಸಿಟ್ಟಿಗಿಂತ ಹೆಚ್ಚು ಅವಮಾನವಾಯಿತು.

ವಿಚಾರಣೆ ಸೋಮವಾರ. ಶನಿವಾರ ಬೆಳಿಗ್ಗೆಯೇ ಅವಳು ಬೋರಣ್ಣನ ನಡುಮನೆಯಲ್ಲಿ ಕೂತಿದ್ದಳು. ಬೋರಣ್ಣ ಒಗೆದ ಪಂಚೆ ಉಟ್ಟು ಎಲ್ಲಿಗೋ ಹೊರಟವನ ಹಾಗಿದ್ದ.

"ಆ ಹುಡುಗಿ ಯಾಕೆ ಬಂದಿದ್ಳು ಬೋರಣ್ಣನವ್ರೆ?"

"ಹೊಳೆ ವಿಷ್ಯ ಕೇಳಕ್ಕೆ ಮೇಡಂ. ಇರೋದು ಇದ್ದಂಗೆ ಹೇಳ್ದೆ. ಮುಳುಗ್ತೀವಿ, ಅಡುಗೆ ಮಾಡ್ತೀವಿ, ಕುಡೀತೀವಿ ಅಂತ."

"ಎಲೆ ಅಡಿಕೆ ಯಾಕೆ ಕೊಟ್ರಿ?"

"ಮನೆಗೆ ಬಂದ ಹೆಣ್ಮಗೂನ ಬರಿಗೈಲಿ ಕಳಿಸ್ತಾರಾ?"

"ನನ್ನ ಫೋನ್ ಯಾಕೆ ಎತ್ಲಿಲ್ಲ? ಎಲ್ಲಿಗೆ ಹೋಗಿದ್ರಿ?"

ಬೋರಣ್ಣ ಹೆಂಡತಿಯ ಕಡೆ ನೋಡಿದ. ಮೂವತ್ತು ವರ್ಷ ಸುಳ್ಳು ಹಿಡಿದವಳಿಗೆ ಆ ಒಂದು ನೋಟ ಸಾಕಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಮನಸ್ಸು ತೀರ್ಪು ಕೊಟ್ಟೇಬಿಟ್ಟಿತು.

"ನೀವು ಅವ್ರ ಕಡೆ ಹೋಗಿದೀರ. ಇಲ್ಲ ಅನ್ನೋದಾದ್ರೆ ಹೊಳೆಯಮ್ಮನ ಮೇಲೆ ಆಣೆ ಇಟ್ಟು ಹೇಳಿ."

ಅಡುಗೆಮನೆಯ ಬಾಗಿಲಿಂದ ಮುನಿವೆಂಕಟಮ್ಮ ಮುಂದೆ ಬಂದಳು. "ಅಕ್ಕಾ, ಆ ಮಾತೊಂದು ಆಡ್ಬೇಡಿ. ನಿಮ್ಗೆ ಕೈ ಮುಗೀತೀನಿ."

ಬೇಡ ಎಂದಷ್ಟೂ ಸುಧಾಮಣಿಯ ಅನುಮಾನ ಗಟ್ಟಿಯಾಯಿತು. "ಆಡಿದ್ದಾಯ್ತು. ಇಡ್ತಾರೋ ಇಲ್ವೋ ಕೇಳಿ."

ಬೋರಣ್ಣ ಎದ್ದ. ಗೋಡೆಯ ಮೇಲಿನ ಹೊಳೆಯಮ್ಮನ ಪಟದ ಮುಂದೆ ಕರ್ಪೂರ ಹಚ್ಚಿ ಉರಿಯ ಮೇಲೆ ಅಂಗೈ ಹಿಡಿದ. "ತಾಯಿ, ನಿನ್ನ ಹೊಳೆ ನೀರಲ್ಲೇ ನಾವು ಮೀಯೋದು, ಅದನ್ನೇ ಕುಡಿಯೋದು. ಇದು ಸತ್ಯ. ನಾನು ಯಾರ ಕೈಗೂ ಸಿಕ್ಕಿಲ್ಲ. ಇದೂ ಸತ್ಯ." ಕರ್ಪೂರ ಆರುವವರೆಗೆ ಕೈ ತೆಗೆಯಲಿಲ್ಲ. ಮುನಿವೆಂಕಟಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು.

ಆಮೇಲೆ ಬೋರಣ್ಣ ನಿಧಾನವಾಗಿ ಹೇಳಿದ. "ಒಕ್ಕಲು ಸೇರಿಸ್ಬೇಕು ಅಂದ್ರೆ ನನ್ನಂಗೆ ಯಜಮಾನ ಆದೋನು ಮನೆಮನೆಗೂ ಹೋಗಿ ವೀಳ್ಯ ಕೊಟ್ಟು ಕರೀಬೇಕು ಮೇಡಂ. ಕೊನೇ ಮನೆ ಒಪ್ಪೋ ತಂಕ ಮಾತು ಆಚೆ ಬಿಡಂಗಿಲ್ಲ, ಅದು ನಮ್ಮ ಪದ್ಧತಿ. ಸುಬ್ರಹ್ಮಣ್ಯಪುರ, ಬಿಳೇಕಹಳ್ಳಿ, ಎಲ್ಲಾ ಸುತ್ತಿದೆ. ನಿಮಗೆ ನಾನೊಬ್ಬನೇ ಯಾಕೆ, ಇಡೀ ಒಕ್ಕಲೇ ಸಹಿ ಹಾಕ್ಲಿ ಅಂತ. ನಿನ್ನೆ ಸಂಜೆ ಕೊನೇ ಮನೇನೂ ಒಪ್ತು. ಅದನ್ನ ಹೇಳಕ್ಕೇ ಈಗ ನಿಮ್ಮನೆಗೆ ಹೊರಟಿದ್ದೆ."

ಸುಧಾಮಣಿಯ ಕಣ್ಣು ತುಂಬಿತು. ಸಂತೋಷಕ್ಕೋ ನಾಚಿಕೆಗೋ ಅವಳಿಗೇ ತಿಳಿಯಲಿಲ್ಲ. "ತಪ್ಪಾಯ್ತು ಬೋರಣ್ಣನವ್ರೆ. ಸೋಮವಾರ ಎಲ್ರೂ ಬನ್ನಿ, ಸಹಿ ಹಾಕಿ."

"ಬರ್ತೀವಿ. ಒಪ್ಪಿಕೊಂಡೋರು, ಬರ್ದೆ ಇರಲ್ಲ. ಆದ್ರೆ ಸಹಿ ಆಗಲ್ಲ ಮೇಡಂ. ಅದೂ ಪ್ರಮಾಣ ತಾನೇ? ತಾಯಿ ಮುಂದೆ ಇಟ್ಟ ಮಾತನ್ನ ಇನ್ನೊಂದು ಕಡೆ ಮತ್ತೆ ಪ್ರಮಾಣ ಮಾಡಂಗಿಲ್ಲ. ಮಾಡಿದ್ರೆ ಮೊದಲನೇದು ಸುಳ್ಳು ಅಂದಂಗೆ. ಯಜಮಾನನ ಆಣೆ ಒಕ್ಕಲಿಗೆಲ್ಲಾ ಕಟ್ಟು."

"ಮೊದಲೇ ಹೇಳ್ಬಾರ್ದಾಗಿತ್ತಾ?"

"ಆಣೆ ಕೇಳಿದ ಮೇಲೆ ಏನು ಹೇಳಿದ್ರೂ ನೆಪ ಆಗ್ತಿತ್ತು. ನೀವು ನಂಬ್ತಿದ್ರಾ?"

ಇಲ್ಲ, ನಂಬುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಸೋಮವಾರ ಪ್ರಸನ್ನನ ಜಯನಗರದ ಆಫೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಕ್ಕಲಿನವರು ಮದುವೆಗೆ ಬಂದ ಹಾಗೆ ಒಳ್ಳೆಯ ಸೀರೆ, ಶರಟು ಹಾಕಿಕೊಂಡು ಬಂದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ವಿಚಾರಣೆ ವಿಡಿಯೊ ಮೂಲಕ. ಕಂಪ್ಯೂಟರ್ ಪರದೆಯ ಮೇಲೆ ನ್ಯಾಯಪೀಠದವರು ಕಂಡರು. ಆ ನೀರು ಬಳಸುವವರು ಅಲ್ಲಿ ಯಾರಾದರೂ ಇದ್ದರೆ ಎದ್ದು ನಿಂತು ಪ್ರಮಾಣ ಮಾಡಿ ಹೇಳಬಹುದು ಎಂದರು. ಪ್ರಸನ್ನ ತಿರುಗಿ ನೋಡಿದ. ಬೋರಣ್ಣ ನೆಲ ನೋಡುತ್ತಿದ್ದ. ಅಷ್ಟು ಜನರಲ್ಲಿ ಒಂದು ಕುರ್ಚಿಯೂ ಸದ್ದು ಮಾಡಲಿಲ್ಲ.

ಸುಧಾಮಣಿ ತಡೆಯಲಾರದೆ ಎದ್ದಳು. ಇವರೆಲ್ಲ ಬಳಸುತ್ತಾರೆ, ನನಗೆ ಗೊತ್ತು, ಆಣೆಯ ಕಟ್ಟಿನಿಂದ ಬಾಯಿ ಬಿಡುತ್ತಿಲ್ಲ, ಆ ಆಣೆ ಇಡಿಸಿದವಳು ನಾನೇ ಎಂದಳು. ನೀವು ಎಂದಾದರೂ ಅಲ್ಲಿ ಸ್ನಾನ ಮಾಡಿದ್ದೀರಾ ಎಂದು ಪರದೆಯ ಮೇಲಿಂದ ಎದುರು ಪಕ್ಷದ ವಕೀಲ ಕೇಳಿದ. ಇಲ್ಲ ಎಂದಳು. ಮಧ್ಯಾಹ್ನದ ಹೊತ್ತಿಗೆ ಮೇಲ್ಮನವಿ ವಜಾ ಆಯಿತು, ರಿಪೇರಿಗೆ ದಾರಿಯಾಯಿತು.

ಮೆಟ್ಟಿಲ ಹತ್ತಿರ ಮುನಿವೆಂಕಟಮ್ಮ ಅವಳ ಕೈ ಹಿಡಿದುಕೊಂಡಳು. "ಬೇಜಾರು ಮಾಡ್ಕೋಬೇಡಿ ಅಕ್ಕಾ. ಕಾರ್ತಿಕದಲ್ಲಿ ನೀವೂ ನಮ್ ಜೊತೆ ಹೊಳೆಯಮ್ಮಂಗೆ ಬನ್ನಿ. ನಮ್ಮ ಮಗಳು ಅರ್ಪಿತನ ಮಗೂಗೆ ಮೊದಲನೇ ಮುಡಿ."

"ಈ ವರ್ಷ ಬೇಡ ಮುನಿವೆಂಕಟಮ್ಮ. ಆ ನೀರಿಗೆ ಮಗೂನ ಇಳಿಸ್ಬೇಡಿ."

"ಯಾಕಕ್ಕಾ? ನೀವು ಅಷ್ಟು ಹೇಳಿದ್ರಲ್ಲ ಅಂತ ನಂಗೂ ಭಯ ಆಗಿತ್ತು. ಈಗ ಕೋರ್ಟೇ ಹೇಳ್ತಲ್ಲ, ಏನೂ ಆಗಲ್ಲ ಅಂತ."

ಸುಧಾಮಣಿ ಆ ಮುಖವನ್ನೇ ನೋಡಿದಳು. ಎಲ್ಲಾದರೂ ಒಂದು ಚೂರು ಅನುಮಾನ ಉಳಿದಿದೆಯಾ ಎಂದು ಹುಡುಕಿದಳು. ಇರಲಿಲ್ಲ.